ದುಡಿಮೆ ಮನುಷ್ಯನನ್ನು ನುಂಗಿದಾಗ



ದುಡಿಮೆಯ ಹಿರಿಮೆಯನ್ನು ಈ ಮಠದಲ್ಲಿ ನೀವು ಎಷ್ಟೋ ಸಲ ಕೇಳಿದ್ದೀರಿ. ಅದೇ ದುಡಿಮೆ ಮನುಷ್ಯನ ಮನುಷ್ಯತನವನ್ನು ಕಸಿದುಕೊಂಡ ಕಥೆಯೂ ಉಂಟು. ಅದನ್ನು ಇಂಗ್ಲೆಂಡಿನ ಕವಿಗಳಿಂದ ಕೇಳಬೇಕು.

1789ರಲ್ಲಿ ವಿಲಿಯಂ ಬ್ಲೇಕ್ ಎಂಬ ಕವಿ ಹೊಗೆಗೂಡು ಗುಡಿಸುವ ಹುಡುಗರನ್ನು ಕುರಿತು ಬರೆದನು. ಇಕ್ಕಟ್ಟಾದ ಹೊಗೆಗೂಡಿನೊಳಗೆ ದೊಡ್ಡವರು ಹೊಗಲಾರರು. ಬಡವರ ಕೂಸುಗಳನ್ನು ಹತ್ತಿಸುತ್ತಿದ್ದರು. ಬ್ಲೇಕನ ಹುಡುಗನನ್ನು ತಂದೆಯೇ ಮಾರಿದ್ದಾನೆ. ಅವನಿಗಿನ್ನೂ ನಾಲಗೆ ತಿರುಗದು. ಬೀದಿಯಲ್ಲಿ ಗುಡಿಸುವ ಕಸುಬಿನ ಹೆಸರು ಕೂಗಲು ಹೋದರೆ, ಅವರ ಭಾಷೆಯಲ್ಲಿ ಅದು ಅಳುವೆಂಬ ಮಾತಾಗಿ ಕೇಳುತ್ತದೆ. ಎಂಟು ವರ್ಷ ತುಂಬದವರನ್ನು ಈ ಕೆಲಸಕ್ಕೆ ಹಚ್ಚಬಾರದೆಂದು 1788ರಲ್ಲಿಯೇ ಕಾಯಿದೆಯಾಗಿತ್ತು. ಕಾಯಿದೆ ಕಾಗದದಲ್ಲಿ ಉಳಿಯಿತು.

1843ರಲ್ಲಿ ಎಲಿಜಬೆತ್ ಬ್ಯಾರೆಟ್ ಎಂಬ ಕವಯಿತ್ರಿ ಗಣಿ, ಗಿರಣಿಗಳಲ್ಲಿ ದುಡಿಯುವ ಮಕ್ಕಳ ಪರವಾಗಿ ಬರೆದಳು. ಸರಕಾರದ ಆಯೋಗದ ವರದಿಯೇ ಅದಕ್ಕೆ ಪ್ರೇರಣೆ. ಆಕೆ ರೋಗಿಷ್ಠೆ, ಕೋಣೆ ಬಿಟ್ಟು ಹೊರಬರುವುದೇ ಅಪರೂಪ; ಆದರೂ ಎಂಥ ಕಣ್ಣು ನೋಡಿರಿ! ದಿನವೆಲ್ಲ ಗಾಲಿಗಳ ನಡುವೆ ನಿಂತ ಮಕ್ಕಳಿಗೆ ಗೋಡೆ, ಆಕಾಶ, ತಮ್ಮ ತಲೆ ಎಲ್ಲವೂ ತಿರುಗುತ್ತಿರುವಂತೆ ತೋರುತ್ತದೆ. ದೇವರನ್ನು ಬೇಡಿಕೊಳ್ಳಿರೆಂದರೆ, ಈ ಸದ್ದಿನಲ್ಲಿ ನಮ್ಮ ಮಾತು ಅವನಿಗೆ ಕೇಳೀತೇ ಎನ್ನುತ್ತವೆ. ದೇವರ ರೂಪ ಯಾವುದು? ಇನ್ನೂ ದುಡಿ ಎಂದು ಅಪ್ಪಣೆ ಮಾಡುವ ಧಣಿಯ ರೂಪ! ಕೂಲಿ ಕದ್ದವರನ್ನು ನಾವು ಬಲ್ಲೆವು. ಇಲ್ಲಿ ಕೂಸಿನ ಎದೆಯೊಳಗಿನ ದೇವರನ್ನೇ ಕದ್ದಿದ್ದಾರೆ.

ಅದೇ ವರ್ಷದ ಕೊನೆಗೆ ಥಾಮಸ್ ಹುಡ್ ಎಂಬಾತನು ಅಂಗಿ ಹೊಲಿಯುವ ಬಡ ಹೆಂಗಸಿನ ಹಾಡು ಬರೆದನು. ನಗೆಗೆ ಹೆಸರಾದ ಪಂಚ್ ಪತ್ರಿಕೆಯ ಕ್ರಿಸ್‌ಮಸ್ ಸಂಚಿಕೆಯಲ್ಲಿ ಅದು ಕವಿಯ ಹೆಸರಿಲ್ಲದೆ ಅಚ್ಚಾಯಿತು. ಆ ತಾಯಿ ಗುಂಡಿ ಹಚ್ಚುತ್ತಲೇ ತೂಕಡಿಸಿದರೆ, ಕನಸಿನಲ್ಲಿಯೂ ಹೊಲಿಗೆಯೇ.

ಹಾಗಾದರೆ ಕಾಯಕದ ಮಾತೇನಾಯಿತು ಎಂದು ನೀವು ಕೇಳಬಹುದು. ದೋಣಿ ನಡೆಸಿದ ಚೌಡಯ್ಯನವರ, ಹಗ್ಗ ಹೊಸೆದ ಚಂದಯ್ಯನವರ ಕಸುಬು ಅವರ ಹೆಸರಿನ ಜೊತೆಗೆ ನಿಂತಿತು, ಹೆಸರನ್ನು ನುಂಗಲಿಲ್ಲ. ತಮ್ಮ ವಚನವನ್ನು ತಾವೇ ನುಡಿದರು. ಹುಡ್‌ನ ಹೆಂಗಸಿಗೆ ಹೆಸರಿಲ್ಲ. ಅವಳಿಗಾಗಿ ಬೇರೊಬ್ಬನು ಹಾಡು ಕಟ್ಟಬೇಕಾಯಿತು. ಹೊಟ್ಟೆಗಿಲ್ಲದ ಕೂಲಿಯಾಳಿಗೆ ಕಾಯಕದ ಉಪದೇಶ ಮಾಡುವ ಧಣಿಗಳು ನಮ್ಮಲ್ಲಿಯೂ ಇದ್ದಾರೆ. ಅವರ ಬಾಯಿಗೆ ಆ ಮಾತು ಸಲ್ಲದು.

ಈ ಹಾಡುಗಳಿಂದ ಏನಾಯಿತು? ಒಮ್ಮೆಲೇ ಏನೂ ಆಗಲಿಲ್ಲ. ಬಟ್ಟೆ ಗಿರಣಿಗಳಲ್ಲಿ ಹೆಂಗಸರಿಗೂ ಎಳೆಯರಿಗೂ ದಿನಕ್ಕೆ ಹತ್ತು ಗಂಟೆಯ ಮಿತಿ ಹಾಕುವ ಕಾಯಿದೆ 1847ರಲ್ಲಿ ಬಂದಿತು. ಹೊಗೆಗೂಡಿನ ಹುಡುಗರು ಮಾತ್ರ 1875ರವರೆಗೆ ಕಾಯಬೇಕಾಯಿತು. ಬ್ಲೇಕ್ ತೀರಿಕೊಂಡು ಆಗಲೇ 48 ವರ್ಷ ಕಳೆದಿದ್ದವು.