ತಲೆಗೆ ಇನಾಮು ಮತ್ತು ಕಳ್ಳನ ಗೆಳೆಯ

ಸಾವಿರಾರು ಜನ ಒಟ್ಟಿಗೆ ಆಡೋ ಆನ್‌ಲೈನ್ ಗೇಮುಗಳಲ್ಲಿ ಪುಂಡರ ಕಾಟ ಮೊದಲಿಂದಲೂ ಇದ್ದದ್ದೇ. ಹೊಸಬ, ಪಾಪ, ಗಣಿ ಅಗೆದು ನಾಲ್ಕು ಕಾಸು ಮಾಡ್ಕೊಂಡು ಊರ ಕಡೆ ಹೊರಟಿರ್ತಾನೆ. ದಾರೀಲಿ ಯಾವನೋ ಬಂದು ಕೊಂದು, ಎಲ್ಲಾ ದೋಚ್ಕೊಂಡು ಹೋಗ್ತಾನೆ. ಹೊಸಬ ಬೇಸತ್ತು ಗೇಮನ್ನೇ ಬಿಡ್ತಾನೆ. ತಿಂಗಳ ಚಂದಾದಿಂದ ನಡೆಯೋ ಕಂಪನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಆಗ ಹೊಳೆಯೋ ಮೊದಲ ಉಪಾಯವೇ ಕೊಲೆಗಾರನ ತಲೆಗೆ ಇನಾಮು ಕಟ್ಟೋದು.

1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್ ಇದನ್ನು ಮಾಡಿ ನೋಡಿತು. ಸತ್ತವನು ತನ್ನ ಬ್ಯಾಂಕಿನ ಚಿನ್ನದಿಂದ ಕೊಲೆಗಾರನ ಮೇಲೆ ಇನಾಮು ಇಡಬಹುದಿತ್ತು. ಊರಿನ ಹಲಗೆ ಮೇಲೆ ಅವನ ಹೆಸರು, ಮೊತ್ತ ಎರಡೂ ಬೀಳ್ತಿತ್ತು. ಅವನನ್ನು ಕೊಂದು, ತಲೆ ಕಡಿದು ತಂದು ಕಾವಲುಗಾರನಿಗೆ ಕೊಟ್ಟರೆ ದುಡ್ಡು. ಕೇಳೋಕೆ ಎಷ್ಟು ಚೆಂದ ಅಲ್ವಾ? ಆದ್ರೆ ಪುಂಡರಿಗೆ ಆ ಹಲಗೆ ರ‍್ಯಾಂಕ್ ಪಟ್ಟಿ ಇದ್ದಂಗೆ ಆಯ್ತು, ಯಾರ ತಲೆಗೆ ಜಾಸ್ತಿ ಅಂತ ಪೈಪೋಟಿ :) ಗೇಮಿನಲ್ಲಿ ಸತ್ತವನು ಮತ್ತೆ ಎದ್ದು ಬರ್ತಾನೆ ನೋಡಿ, ಹಾಗಾಗಿ ಇನಾಮು ಜಾಸ್ತಿ ಆದಾಗ ಗೆಳೆಯನ ಕೈಲೇ ತಲೆ ಕಡಿಸಿಕೊಂಡು ದುಡ್ಡು ಹಂಚಿಕೊಳ್ಳೋದಕ್ಕೂ ಅಡ್ಡಿ ಇರಲಿಲ್ಲ. ಅಂದ್ರೆ ದೋಚಿಸಿಕೊಂಡವನೇ ದೋಚಿದವನಿಗೆ ಇನ್ನೊಮ್ಮೆ ದುಡ್ಡು ಕೊಟ್ಟಂಗೆ! ಕೊನೆಗೆ 2000ದಲ್ಲಿ ಇಡೀ ಪ್ರಪಂಚವನ್ನೇ ಎರಡು ಮಾಡಿ, ಒಪ್ಪಿಗೆ ಇಲ್ಲದೆ ಯಾರನ್ನೂ ಕೊಲ್ಲಲಾಗದ ಟ್ರ್ಯಾಮೆಲ್ ಅನ್ನೋ ಭಾಗ ಕಟ್ಟಿದರು.

ಐಸ್‌ಲೆಂಡಿನ ಸಿಸಿಪಿ ಕಂಪನಿ 2003ರಲ್ಲಿ ತಂದ ಈವ್ ಆನ್‌ಲೈನ್‌ನಲ್ಲೂ ಶುರುವಿಗೆ ಇದೇ ಪಾಡು. ಅಲ್ಲಿ ಕತ್ತಿಯ ಬದಲು ಆಕಾಶನೌಕೆ, ಅಷ್ಟೇ. ಕೊಂದವನಿಗೆ ಇಡೀ ಇನಾಮು ಒಂದೇ ಸಲ ಸಿಗ್ತಿತ್ತು. ಸತ್ತವನು ತದ್ರೂಪಿ ದೇಹದಲ್ಲಿ ಎದ್ದೇಳ್ತಿದ್ದ. ಗೆಳೆಯನಿಗೆ, ಅಥವಾ ತನ್ನದೇ ಎರಡನೇ ಅಕೌಂಟಿಗೆ, ಕೆಲಸ ಸಲೀಸು.

ಡಿಸೆಂಬರ್ 2012ರ ರೆಟ್ರಿಬ್ಯೂಷನ್ ಆವೃತ್ತಿಯಲ್ಲಿ ಇದಕ್ಕೆ ಸಿಕ್ಕ ಪರಿಹಾರ ನನಗಂತೂ ಬಹಳ ಹಿಡಿಸಿತು. ಇನಾಮು ಒಂದು ಹುಂಡಿ ಇದ್ದಂಗೆ ಇತ್ತು. ಕೊಂದವನಿಗೆ ಅದರಿಂದ ಸಿಗ್ತಿದ್ದದ್ದು ಸತ್ತವನಿಗಾದ ನಷ್ಟದ 20% ಮಾತ್ರ. ಹತ್ತು ಕೋಟಿಯ ನೌಕೆ ಸುಟ್ಟರೆ ಎರಡು ಕೋಟಿ. ಗೆಳೆಯನ ಕೈಲಿ ಸುಡಿಸಿಕೊಂಡರೆ ಎರಡು ಕೋಟಿಗಾಗಿ ಹತ್ತು ಕೋಟಿ ಬೂದಿ. ಯಾವ ಪೋಲೀಸೂ ಬೇಡ, ಲೆಕ್ಕವೇ ಕಾವಲು.

ಆದ್ರೆ ಅದೇ ಸಲ ಯಾರ ಮೇಲೆ ಬೇಕಾದ್ರೂ ಇನಾಮು ಇಡಬಹುದು ಅಂತ ಮಾಡಿಬಿಟ್ಟರು. ಯಾರಿಗೂ ಕೇಡು ಮಾಡದವನ ಹೆಸರಿನ ಮುಂದೂ 'ಬೇಕಾಗಿದ್ದಾನೆ' ಅನ್ನೋ ಪಟ್ಟಿ! ಜೊತೆಗೆ, ಇನಾಮು ಇದೆ ಅಂತ ಸುರಕ್ಷಿತ ವಲಯದಲ್ಲಿ ಹೊಡೆದರೆ ಬೇಟೆಗಾರನನ್ನೇ ಕಾಂಕಾರ್ಡ್ ಪೋಲೀಸರು ಉಡಾಯಿಸ್ತಿದ್ದರು.

ಅಲ್ಲಿ ಹೊಡೆಯೋಕೆ 'ಕೊಲ್ಲುವ ಹಕ್ಕು' ಬೇಕು. ಅದು ಅನ್ಯಾಯವಾಗಿ ಪೆಟ್ಟು ತಿಂದವನಿಗೆ ಮಾತ್ರ ಸಿಗೋದು. ನನ್ನ ಕೇಳಿದ್ರೆ ಇನಾಮಿಗಿಂತ ಇದೇ ನ್ಯಾಯ: ದೂರು ಯಾರದೋ, ಹಕ್ಕೂ ಅವರದೇ. 2012ರಿಂದ ಅದನ್ನು ಬೆಲೆ ಕಟ್ಟಿ ಬೇರೆಯವರ ಕೈಗೂ ಕೊಡಬಹುದಾಯ್ತು, ಕೈಲಾಗದ ಹೊಸಬನ ಪರವಾಗಿ ನುರಿತವನು ಹೊಡೀಲಿ ಅಂತ. ನಮ್ಮ ಪುಂಡ ಸುಮ್ಮನಿರ್ತಾನಾ? ಅಗ್ಗದ ನೌಕೆಯೊಂದರಲ್ಲಿ ಕೂತು, ಗೆಳೆಯನ ಕೈಲಿ ಆ ಹಕ್ಕು ಕೊಳ್ಳಿಸಿ, ಆ ನೌಕೆಯನ್ನು ಸುಡಿಸಿಕೊಂಡು ಲೆಕ್ಕ ಚುಕ್ತಾ ಮಾಡ್ಕೊಳ್ತಿದ್ದ.