ಹೆದ್ದಾರಿಯ ಬದಿಯ ಕಾಡುಹೂ

ಅರಸುಮನೆತನಗಳಿಗೂ ಕೋಟೆಕೊತ್ತಲಗಳಿಗೂ ಇತಿಹಾಸವಿರುವಂತೆ ದಾರಿಯ ಬದಿಯಲ್ಲಿ ತಾನಾಗಿ ಅರಳುವ ಹೂವಿಗೂ ಇತಿಹಾಸವುಂಟು. ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ನಡೆದ ಅಂಥದೊಂದು ವೃತ್ತಾಂತವು ನಮಗೂ ಬೋಧಪ್ರದವಾದುದರಿಂದ ಅದನ್ನಿಲ್ಲಿ ಸಂಕ್ಷೇಪವಾಗಿ ನಿವೇದಿಸುತ್ತೇವೆ.

ಟೆಕ್ಸಾಸಿನ ಹೆದ್ದಾರಿ ಇಲಾಖೆಯು 1917ರಲ್ಲಿ ಸ್ಥಾಪಿತವಾಯಿತು. ದಿಬ್ಬವನ್ನು ಕಡಿದು, ತಗ್ಗನ್ನು ತುಂಬಿ ರಸ್ತೆ ನಿರ್ಮಿಸಿದ ಮೇಲೆ, ಬರಿದಾದ ಮಣ್ಣಿನಲ್ಲಿ ಮೊದಲು ತಲೆಯೆತ್ತುವ ಸಸ್ಯಗಳಲ್ಲಿ ಆ ನೆಲದ ಕಾಡುಹೂಗಳೂ ಸೇರಿರುವುದನ್ನು ಅಧಿಕಾರಿಗಳು ಕಂಡರು. ಅವುಗಳ ರಕ್ಷಣೆಗಾಗಿ 1930ರ ದಶಕದ ಆರಂಭದಲ್ಲಿ ಜಾಕ್ ಗಬ್ಬೆಲ್ಸ್ ಎಂಬ ತಜ್ಞರನ್ನು ನೇಮಿಸಲಾಯಿತು. 1934ರ ವೇಳೆಗೆ ಒಂದು ನಿಯಮವೇ ರೂಢವಾಯಿತು: ಸಂಚಾರದ ಸುರಕ್ಷತೆಗೆ ಅನಿವಾರ್ಯವಾದ ಎಡೆಯನ್ನುಳಿದು, ಹೂವಿನ ಕಾಲ ಮುಗಿಯುವ ತನಕ ರಸ್ತೆಬದಿಯ ಹುಲ್ಲನ್ನು ಕತ್ತರಿಸಕೂಡದು.

ಈ ನಿಯಮದ ಮರ್ಮವೇನು? 1901ರಲ್ಲಿ ಆ ಸಂಸ್ಥಾನದ ಪುಷ್ಪವೆಂದು ಅಂಗೀಕೃತವಾದ ಬ್ಲೂಬಾನೆಟ್ ಅವರೆಯ ಕುಲದ ಏಕವಾರ್ಷಿಕ ಸಸ್ಯ. ಅದು ಶರತ್ಕಾಲದಲ್ಲಿ ಮೊಳೆತು, ವಸಂತದಲ್ಲಿ ನೀಲಿಯಾಗಿ ಅರಳಿ, ಕಾಯಿ ಬಲಿತು ಬೀಜ ಚೆಲ್ಲಿ ಒಣಗುತ್ತದೆ. ಒಣಗುತ್ತಿರುವ ಗಿಡ ನೋಟಕ್ಕೆ ಕಸದಂತಿರಬಹುದು. ಮುಂದಿನ ವರ್ಷದ ಹೂವು ಇರುವುದು ಆ ಕಸದಲ್ಲಿಯೇ. ಬೀಜ ಉದುರುವ ಮುನ್ನ ಯಂತ್ರವನ್ನು ಹರಿಸಿದರೆ ಸಂತತಿಯನ್ನೇ ಕೊಯ್ದಂತಾಗುವುದು.

ಇದನ್ನು ರಾಷ್ಟ್ರದ ಗಮನಕ್ಕೆ ತಂದವರು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಪತ್ನಿ, ಟೆಕ್ಸಾಸಿನವರೇ ಆದ ಲೇಡಿ ಬರ್ಡ್ ಜಾನ್ಸನ್. ಅವರ ಪ್ರಯತ್ನದ ಫಲವಾಗಿ 1965ರ ಅಕ್ಟೋಬರ್ 22ರಂದು ಹೆದ್ದಾರಿ ಸೌಂದರ್ಯ ಕಾಯಿದೆಗೆ ಅಧ್ಯಕ್ಷರ ಅಂಕಿತ ಬಿದ್ದಿತು. ಜಾಹೀರಾತು ಫಲಕಗಳನ್ನೂ ಗುಜರಿಯ ರಾಶಿಗಳನ್ನೂ ಹತೋಟಿಯಲ್ಲಿಡುವುದು ಅದರ ಮುಖ್ಯೋದ್ದೇಶವಾಗಿತ್ತು. ಆದರೆ ಹೂವಿನ ಅಳಿವು ಉಳಿವು ಕಾಯಿದೆಗಿಂತ ಹೆಚ್ಚಾಗಿ ಹುಲ್ಲು ಕತ್ತರಿಸುವವನ ಕೈಯಲ್ಲಿದೆಯೆಂಬುದನ್ನು ಆ ಮಹಿಳೆ ಬಲ್ಲವರಾಗಿದ್ದರು. ಆದ್ದರಿಂದಲೇ 1969ರಿಂದ ರಸ್ತೆಗಳನ್ನು ನೋಡಿಕೊಳ್ಳುವ ನೌಕರರಿಗೆ ಬಹುಮಾನ ನೀಡುತ್ತ ಬಂದರು. 1982ರಲ್ಲಿ ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದಂದು ಕಾಡುಹೂಗಳ ಸಂಶೋಧನಾ ಕೇಂದ್ರವೊಂದನ್ನು ಸ್ಥಾಪಿಸಿದರು. ಹೆದ್ದಾರಿಗಳ ಭೂದೃಶ್ಯ ಕಾರ್ಯದ ಹಣದಲ್ಲಿ ಕನಿಷ್ಠ ಶೇಕಡಾ ಕಾಲು ಭಾಗವು ದೇಶೀ ಕಾಡುಹೂಗಳಿಗೆ ಸಲ್ಲಬೇಕೆಂದು 1987ರ ಒಂದು ಕಾಯಿದೆ ವಿಧಿಸಿತು. ಇಂದು ಟೆಕ್ಸಾಸ್ ಇಲಾಖೆಯು ವರ್ಷಕ್ಕೆ ಸುಮಾರು 30,000 ಪೌಂಡುಗಳಷ್ಟು ಹೂಬೀಜವನ್ನು ಬಿತ್ತುತ್ತದೆ.

ಆದರೂ ಈ ಕಥೆಗೆ ಇನ್ನೊಂದು ಮುಖವುಂಟು. ಮಣ್ಣು ಕೊಚ್ಚಿಹೋಗದಿರಲೆಂದು ಅದೇ ಟೆಕ್ಸಾಸಿನ ರಸ್ತೆಬದಿಗಳಲ್ಲಿ ಹೊರಗಿನಿಂದ ಬಂದ ಕಿಂಗ್ ರಾಂಚ್ ಬ್ಲೂಸ್ಟೆಮ್ ಎಂಬ ಹುಲ್ಲನ್ನೂ ವ್ಯಾಪಕವಾಗಿ ಬಿತ್ತಲಾಯಿತು. ಅದು ಮಣ್ಣನ್ನು ಹಿಡಿಯಿತು ನಿಜ. ಆದರೆ ಇಂದು ನೆಲದ ಹುಲ್ಲನ್ನೂ ಹೂವನ್ನೂ ಒತ್ತರಿಸುತ್ತಿದೆ. ಸದುದ್ದೇಶವೊಂದೇ ಸಾಲದು, ನೆಲದ ಗುಣವರಿತ ಜ್ಞಾನವೂ ಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

2016ರಲ್ಲಿ ಟೆಕ್ಸಾಸಿನಿಂದ ಮಿನ್ನೆಸೋಟದವರೆಗಿನ ಆರು ಸಂಸ್ಥಾನಗಳು ತಮ್ಮನ್ನು ಹಾದುಹೋಗುವ 35ನೆಯ ಹೆದ್ದಾರಿಯ ಉದ್ದಕ್ಕೂ ಮೊನಾರ್ಕ್ ಚಿಟ್ಟೆಗೂ ಜೇನ್ನೊಣಗಳಿಗೂ ಆಸರೆಯಾಗುವ ಸಸ್ಯಗಳನ್ನು ಪೋಷಿಸಲು ಒಪ್ಪಂದ ಮಾಡಿಕೊಂಡವು. ಮೊನಾರ್ಕ್ ಚಿಟ್ಟೆಯ ಮರಿಗೆ ಮಿಲ್ಕ್‌ವೀಡ್ ಗಿಡದ ಎಲೆಯಲ್ಲದೆ ಅನ್ಯ ಆಹಾರವಿಲ್ಲ. ಆ ಗಿಡವು ಬೇರಾವುದೂ ಅಲ್ಲ, ನಾವು ಶಿವಪೂಜೆಗೆ ತರುವ ಎಕ್ಕದ ಬಂಧು! ನಮ್ಮ ಎಕ್ಕದ ಎಲೆಯನ್ನು ತಿಂದು ಬೆಳೆಯುವ ಚಿಟ್ಟೆಗಳು ನಮ್ಮ ನಾಡಿನಲ್ಲಿಯೂ ಉಂಟು.

ನಮ್ಮ ದಾರಿಗಳ ಬದಿಯಲ್ಲಿ ಎಕ್ಕ, ತುಂಬೆ, ತಂಗಡಿ, ಲಕ್ಕಿಗಳು ಯಾರೂ ನೆಡದೆ, ನೀರೆರೆಯದೆ ಬಾಳುತ್ತಿವೆ. ಅಂದಕ್ಕೆಂದು ಹೊರನಾಡಿನಿಂದ ತಂದ ಲಂಟಾನ ನಮ್ಮ ಕಾಡುಗಳನ್ನು ಹೇಗೆ ಮುತ್ತಿತೆಂಬುದನ್ನು ತಾವೆಲ್ಲ ಬಲ್ಲಿರಿ. ಮಠದ ದಾರಿಯನ್ನಾಗಲಿ ಊರ ದಾರಿಯನ್ನಾಗಲಿ ಚೊಕ್ಕಟ ಮಾಡಲು ಕುಡುಗೋಲು ಹಿಡಿದಾಗ, ಯಾವುದು ನೆಲದ ಗಿಡ, ಯಾವುದು ಕಳೆ ಎಂದು ಮೊದಲು ಅರಿಯೋಣ. ನೆಲದ ಗಿಡವಾದರೆ ಬೀಜ ಉದುರುವ ತನಕ ಕಾಯೋಣ. ಕತ್ತರಿಸುವುದು ಹೇಗೆ ಕಾಯಕವೋ ಹಾಗೆಯೇ ಸಕಾಲಕ್ಕಾಗಿ ಕಾಯುವುದೂ ಕಾಯಕವೇ ಆಗಿದೆ.