ಮೈ ಬಿಳಿ, ಮೂಗು ಕಪ್ಪು: ಜರ್ಮನ್ ಶೆಪರ್ಡ್ ಕಳೆದುಕೊಂಡ ಬಣ್ಣದ ಕಥೆ

ಹೋದ ವಾರ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ. ಹಾಲಿನಷ್ಟು ಬೆಳ್ಳಗಿರೋ ನಾಯಿಮರಿ. ಜೊತೆಗೊಂದು ವಾಯ್ಸ್ ನೋಟ್: "ಲೋ, ಇದು ಜರ್ಮನ್ ಶೆಪರ್ಡ್ ಅಂತೆ ಕಣೋ. ಆಲ್ಬಿನೋ ಅಂತೆ, ದೊಡ್ಡದಾದ್ಮೇಲೆ ಕಿವಿ ಕೇಳಲ್ವಂತೆ. ಅದಕ್ಕೇ ಅರ್ಧ ರೇಟಿಗೆ ಕೊಡ್ತಾರಂತೆ. ತಗೊಳ್ಲಾ, ಬೇಡ್ವಾ?"

ನಾನು ಓದಿದ್ದು ಬಿಕಾಂ. ನಾಯಿ ಡಾಕ್ಟರ್ ಅಲ್ಲ. ಆದ್ರೆ "ಅಂತೆ" ಅನ್ನೋ ಪದ ಒಂದೇ ಉಸಿರಲ್ಲಿ ಮೂರ್ನಾಲ್ಕು ಸಲ ಬಂದ್ರೆ, ಹಳೇ ಲೆಕ್ಕ ತೆಗೆದು ನೋಡೋಣ ಅನ್ಸುತ್ತೆ. ತೆಗೆದು ನೋಡಿದೆ. ಈ "ಅಂತೆ"ಗೆ ತೊಂಬತ್ತು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. ಇವತ್ತಿನ ಎಪಿಸೋಡ್ ಅದರ ಬಗ್ಗೆ.

ಮೊದಲ ಎಂಟ್ರಿ

1899ರ ಏಪ್ರಿಲ್, ಜರ್ಮನಿಯ ಕಾರ್ಲ್ಸ್‌ರೂಹೆ ಊರು. ಅಲ್ಲೊಂದು ನಾಯಿ ಪ್ರದರ್ಶನ. ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಅನ್ನೋ ಅಶ್ವದಳದ ಮಾಜಿ ಅಧಿಕಾರಿ ಕುರಿ ಕಾಯೋ ಜಾತಿಯ ಒಂದು ನಾಯಿ ನೋಡಿ ಮನಸೋತು, ಅದನ್ನ ಕೊಂಡುಕೊಂಡ. ಅದಕ್ಕೆ ಹೋರಾಂಡ್ ಫಾನ್ ಗ್ರಾಫ್ರಾತ್ ಅಂತ ಹೊಸ ಹೆಸರಿಟ್ಟ. ಅದೇ ತಿಂಗಳು ಜರ್ಮನ್ ಶೆಪರ್ಡ್ ಸಂಘ ಹುಟ್ಟಿತು. ಸಂಘದ ವಂಶಾವಳಿ ಪುಸ್ತಕದಲ್ಲಿ ನಂಬರ್ 1 ಇದೇ ಹೋರಾಂಡ್. ಇವತ್ತು ಪ್ರಪಂಚದಲ್ಲಿರೋ ಜರ್ಮನ್ ಶೆಪರ್ಡ್‌ಗಳ ಮೂಲ ಹುಡುಕ್ತಾ ಹೋದ್ರೆ ಈ ನಾಯಿ ಹತ್ರಾನೇ ಬಂದು ನಿಲ್ತೀವಿ.

ಈಗ ಒಂದು ಪುಟ ಹಿಂದಕ್ಕೆ ಹೋಗೋಣ. ಹೋರಾಂಡ್‌ನ ತಾಯಿ ಲೇನೆ. ಲೇನೆಯ ಅಪ್ಪ ಗ್ರೈಫ್. ಈ ಗ್ರೈಫ್ ಬಿಳಿ ನಾಯಿ! ಅಂದ್ರೆ ಇಡೀ ತಳಿಯ ಮೂಲಪುರುಷನಿಗೆ ತಾಯಿ ಕಡೆಯ ಅಜ್ಜನೇ ಬಿಳಿ. ಆ ಕಾಲಕ್ಕೆ ಅದು ದೋಷ ಆಗಿರ್ಲಿಲ್ಲ. ಯುರೋಪಿನ ಕುರುಬರಿಗೆ ಬಿಳಿ ನಾಯಿ ಬಹಳ ಹಳೇ ಪರಿಚಯ. ಇಟಲಿಯ ಮರೆಮ್ಮಾ, ಹಂಗೇರಿಯ ಕೂವಾಸ್ ಎಲ್ಲ ಬಿಳಿಯೇ. ಮಬ್ಬುಗತ್ತಲಲ್ಲಿ ಕುರಿ ಹತ್ರ ಓಡಾಡ್ತಿರೋದು ನಮ್ಮ ನಾಯಿಯೋ ತೋಳವೋ ಅಂತ ಗೊತ್ತಾಗ್ಬೇಕಲ್ವಾ?

ಅಂದಹಾಗೆ, ನಮ್ಮಲ್ಲಿ ಹಿರಿಯರು ಇದನ್ನ ಈಗ್ಲೂ "ಆಲ್ಸೇಷಿಯನ್" ಅಂತಾರಲ್ಲ, ಅದೂ ಇತಿಹಾಸದ ಬಾಕಿಯೇ. ಮೊದಲ ಮಹಾಯುದ್ಧದ ನಂತರ ಬ್ರಿಟಿಷರಿಗೆ "ಜರ್ಮನ್" ಅನ್ನೋ ಹೆಸರೇ ಬೇಡವಾಗಿತ್ತು. ಅದಕ್ಕೆ ಹೆಸರು ಬದಲಾಯ್ಸಿದ್ರು. ಅವರ ಕೆನೆಲ್ ಕ್ಲಬ್ ಹಳೇ ಹೆಸರಿಗೆ ವಾಪಸ್ ಬಂದಿದ್ದು 1977ರಲ್ಲಿ.

ಗೆರೆ ಎಳೆದದ್ದು ಯಾವಾಗ?

ನಾಯಿ ಹೊಲ ಬಿಟ್ಟು ಪೊಲೀಸ್ ಠಾಣೆ, ಸೇನಾ ಶಿಬಿರ, ಶೋ ರಿಂಗ್ ಸೇರಿದಂತೆ ಜನ ಬಯಸೋ ಬಣ್ಣವೂ ಬದಲಾಯ್ತು. ಗಾಢ ಬಣ್ಣ, ಬೆನ್ನ ಮೇಲೆ ಕಪ್ಪು, ತೋಳದ ಗತ್ತು ಬೇಕಾಯ್ತು. ಬಿಳಿ ಬಗ್ಗೆ ಗೊಣಗಾಟ ಶುರುವಾಯ್ತು. ಬಿಳಿ ಸೇರಿದ್ರೆ ಉಳಿದ ಬಣ್ಣ ಪೇಲವ ಆಗುತ್ತೆ, ಕಿವಿ ಹೋಗುತ್ತೆ, ಕಣ್ಣು ಹೋಗುತ್ತೆ, ತಳಿಯೇ ಕೆಡುತ್ತೆ ಅಂತ. 1933ರಲ್ಲಿ ಜರ್ಮನಿಯ ತಳಿ ನಿಯಮದಲ್ಲಿ ಬಿಳಿ ಅನರ್ಹ ಆಯ್ತು.

1933 ಅಂದ ಕೂಡ್ಲೇ ನಿಮಗೆ ಇನ್ನೊಂದು ಹೆಸರು ನೆನಪಾಗಿರುತ್ತೆ. ಹೌದು, ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವೂ ಅದೇ. ಆದ್ರೆ "ಹಿಟ್ಲರ್ ಬಿಳಿ ನಾಯಿ ಬ್ಯಾನ್ ಮಾಡಿದ" ಅಂತ ಒಂದು ಸಾಲಿನ ರೀಲ್ ಮಾಡಿದ್ರೆ ತಪ್ಪಾಗುತ್ತೆ. ಬಿಳಿ ಬೇಡ ಅನ್ನೋ ಮಾತು ತಳಿಗಾರರಲ್ಲಿ ಅದಕ್ಕೂ ಮುಂಚೆಯೇ ಇತ್ತು. "ಶುದ್ಧ ರಕ್ತ"ದ ಜಪ ನಡೀತಿದ್ದ ಆ ಹೊತ್ತಲ್ಲಿ ಅದು ನಿಯಮವಾಗಿ ಗಟ್ಟಿಯಾಯ್ತು, ಅಷ್ಟೆ.

ಪರಿಣಾಮ ಮಾತ್ರ ಘೋರ. ಮರಿ ಹಾಕಿದ ದಿನವೇ ಬಿಳಿ ಮರಿಗಳನ್ನ ಬೇರೆ ಮಾಡಿ ಸಾಯಿಸೋದು ತಳಿಗಾರರ ರೂಢಿ ಆಯ್ತು. ಕಣ್ಣು ಕೂಡ ಬಿಟ್ಟಿರದ ಮರಿಗಳು. ಕಾಯಿಲೆ ಇತ್ತು ಅಂತಲ್ಲ, ಬಣ್ಣ ಸರಿ ಇರ್ಲಿಲ್ಲ ಅಂತ. ಅಮೆರಿಕದಲ್ಲೂ 1968ರಲ್ಲಿ ಬಿಳಿ ಬಣ್ಣವನ್ನ ಶೋ ರಿಂಗ್‌ನಿಂದ ಹೊರಗೆ ಹಾಕಿದ್ರು.

ಒಂದಲ್ಲ, ಮೂರು ಬಿಳಿ

ತಪ್ಪು ಆಗಿದ್ದು ಎಲ್ಲಿ? ಮೂರು ಬೇರೆ ಬೇರೆ ಬಿಳಿಯನ್ನ ಒಂದೇ ಖಾತೆಗೆ ಹಾಕಿದ್ರು.

ಮೊದಲನೇದು ಆಲ್ಬಿನೋ. ಇಲ್ಲಿ ಮೈಯಲ್ಲಿ ಬಣ್ಣ ತಯಾರಾಗೋದೇ ಇಲ್ಲ. ಮೂಗು, ತುಟಿ, ಕಣ್ಣಿನ ಅಂಚು ಎಲ್ಲ ಗುಲಾಬಿ.

ಎರಡನೇದು ಡಾಲ್ಮೇಷಿಯನ್ ಥರದ ಬಿಳಿ. ಮರಿ ಹೊಟ್ಟೆಯಲ್ಲಿರುವಾಗ್ಲೇ ಬಣ್ಣ ಮಾಡೋ ಕೋಶಗಳು ಚರ್ಮದ ಬಹುಭಾಗಕ್ಕೆ ತಲುಪೋದಿಲ್ಲ. ಒಳಗಿವಿ ಕೆಲಸ ಮಾಡೋಕೂ ಅದೇ ಕೋಶಗಳು ಬೇಕು. ಅಲ್ಲಿಗೂ ತಲುಪದಿದ್ರೆ ನಾಯಿ ಕಿವುಡಾಗುತ್ತೆ. ಸೋ, ಬಿಳಿಗೂ ಕಿವುಡುತನಕ್ಕೂ ನಂಟು ನಿಜವಾಗ್ಲೂ ಇದೆ, ಆದ್ರೆ ಅದು ಈ ಬಿಳಿಗೆ.

ಮೂರನೇದು ಬಿಳಿ ಶೆಪರ್ಡ್‌ನ ಬಿಳಿ. ಇಲ್ಲಿ ಕೋಶಗಳು ಎಲ್ಲ ಕಡೆ ಇರುತ್ವೆ. ನಾಯಿ ಕೂದಲಿಗೆ ಎರಡೇ ಬಣ್ಣ: ಒಂದು ಕಪ್ಪು, ಇನ್ನೊಂದು ಹಳದಿ-ಕೆಂಪು. ಎಂಸಿ1ಆರ್ ಅನ್ನೋ ಜೀನ್ ಇವೆರಡರ ನಡುವಿನ ಸ್ವಿಚ್. ಆ ಜೀನ್‌ನ ಎರಡೂ ಪ್ರತಿ ಕೆಟ್ಟಿದ್ರೆ ಕೂದಲಿಗೆ ಕಪ್ಪು ಹೋಗೋದಿಲ್ಲ, ಹಳದಿ ಮಾತ್ರ ಹೋಗುತ್ತೆ. ನಿಮ್ಮ ಬೀದಿಯ ಹಳದಿ ಲ್ಯಾಬ್ರಡಾರ್‌ನಲ್ಲಿ ಇರೋದೂ ಇದೇ ಬದಲಾವಣೆ. ಬಿಳಿ ಶೆಪರ್ಡ್‌ನಲ್ಲಿ ಬೇರೆ ಜೀನ್‌ಗಳು ಆ ಹಳದಿಯನ್ನೂ ತಿಳಿ ಮಾಡಿ ಬಿಳಿ ಮಾಡ್ತವೆ. ಆದ್ರೆ ಈ ಸ್ವಿಚ್‌ನ ಆಟ ಕೂದಲಿಗೆ ಮಾತ್ರ. ಮೂಗಿನ ಚರ್ಮ ಕಪ್ಪಾಗೇ ಇರುತ್ತೆ, ಒಳಗಿವಿಯ ಕೋಶಗಳೂ ಇರುತ್ವೆ. ಹಳದಿ ಲ್ಯಾಬ್ ಕಿವುಡು ಅಂತ ಯಾರಾದ್ರೂ ಹೇಳಿದ್ದು ಕೇಳಿದೀರಾ?

ಇನ್ನೊಂದು ತಮಾಷೆ ಕೇಳಿ. ಜರ್ಮನ್ ಶೆಪರ್ಡ್‌ನ ಅಂತರರಾಷ್ಟ್ರೀಯ ನಿಯಮದಲ್ಲಿ, ಕಣ್ಣು ಉಗುರು ಕಪ್ಪಾಗಿದ್ರೂ ಬಿಳಿ ಕೂದಲು ಅನರ್ಹ ಅಂತಾನೇ ಬರೆದಿದೆ. ಅಂದ್ರೆ ಮೈಯಲ್ಲಿ ಬಣ್ಣ ಇದೆ ಅಂತ ನಿಯಮಕ್ಕೇ ಗೊತ್ತು!

ಲೆಕ್ಕ ಟ್ಯಾಲಿ ಆಗೋದಿಲ್ಲ

ಸರಿ, ಇಷ್ಟು ವರ್ಷ ಬಿಳಿ ಮರಿಗಳನ್ನ ತೆಗೆದ್ರಲ್ಲ, ಬಿಳಿ ಹೋಯ್ತಾ? ಹೋಗ್ಲಿಲ್ಲ. ಯಾಕೆ ಅಂತ ಬಿಕಾಂ ಲೆಕ್ಕದಲ್ಲೇ ಹೇಳ್ತೀನಿ.

100 ನಾಯಿ ಇವೆ ಅಂದ್ಕೊಳ್ಳಿ. ಪ್ರತಿ ನಾಯಿಗೆ ಈ ಜೀನ್‌ನ ಎರಡು ಪ್ರತಿ, ಒಟ್ಟು 200. ಬಿಳಿ ನಾಯಿ ಒಂದೇ ಒಂದು. ಬಣ್ಣ ನೋಡದೆ ಜೋಡಿ ಆಗ್ತಿದ್ರೆ, ಹೊರಗೆ ಕಾಣದ ಹಾಗೆ ಬಿಳಿ ಪ್ರತಿಯೊಂದನ್ನ ಹೊತ್ಕೊಂಡಿರೋ ನಾಯಿಗಳು 18 ಇರುತ್ವೆ. ಅಂದ್ರೆ ಒಟ್ಟು 20 ಬಿಳಿ ಪ್ರತಿಗಳಲ್ಲಿ ಬಿಳಿ ನಾಯಿ ಹತ್ರ ಇರೋದು ಎರಡೇ. ಉಳಿದ 18, ರಿಂಗ್‌ನಲ್ಲಿ ಮೆಡಲ್ ಗೆಲ್ಲೋ ಕಪ್ಪು-ಕಂದು ನಾಯಿಗಳ ಒಳಗೆ. ಅಂಥ ಎರಡು ಸೇರಿದ್ರೆ ಪ್ರತಿ ಮರಿಗೂ ಬಿಳಿ ಆಗೋ ಸಾಧ್ಯತೆ ಶೇ 25. ಬ್ಯಾಲೆನ್ಸ್ ಶೀಟ್‌ನಲ್ಲಿ ಕಾಣೋ ಸಾಲ ಮಾತ್ರ ಅಳಿಸಿ, ಕಾಣದ ಸಾಲ ಹಾಗೇ ಬಿಟ್ಟಂಗೆ. ಸತ್ತ ಮರಿಗಳಿಂದ ತಳಿ "ಶುದ್ಧ"ವೂ ಆಗ್ಲಿಲ್ಲ.

ಅಜ್ಜನ ಬಣ್ಣ ವಾಪಸ್ ಬಂತು

ಅಮೆರಿಕದಲ್ಲಿ ಕೆಲವರು ಹಠಕ್ಕೆ ಬಿದ್ದು ಬಿಳಿ ನಾಯಿಗಳನ್ನ ಉಳಿಸ್ಕೊಂಡ್ರು. ಅಲ್ಲಿ 1966ರಲ್ಲಿ ಹುಟ್ಟಿದ ಲೋಬೋ ಅನ್ನೋ ಬಿಳಿ ಗಂಡು ನಾಯಿಯನ್ನ ಅಗಾಥಾ ಬರ್ಚ್ ಅನ್ನೋ ಮಹಿಳೆ 1970ರ ದಶಕದ ಆರಂಭದಲ್ಲಿ ಸ್ವಿಟ್ಜರ್‌ಲೆಂಡ್‌ಗೆ ತಂದ್ರು. ಅಲ್ಲಿಂದ ಯುರೋಪಿನಲ್ಲಿ ಮತ್ತೆ ಬಿಳಿ ಹಬ್ಬಿತು. 1991ರಲ್ಲಿ ಸ್ವಿಸ್ ದಾಖಲೆಗೆ ಸೇರಿತು. 2003ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟದ ತಾತ್ಕಾಲಿಕ ಮಾನ್ಯತೆ, 2011ರಲ್ಲಿ ಪೂರ್ಣ ಮಾನ್ಯತೆ. ಆದ್ರೆ ಹೆಸರು ಜರ್ಮನ್ ಶೆಪರ್ಡ್ ಅಲ್ಲ, ವೈಟ್ ಸ್ವಿಸ್ ಶೆಪರ್ಡ್. ನಂಬರ್ 1 ನಾಯಿಯ ಅಜ್ಜನ ಬಣ್ಣಕ್ಕೆ ಸ್ವಂತ ಮನೆಯಲ್ಲಿ ಜಾಗ ಸಿಗ್ಲಿಲ್ಲ, ಪಕ್ಕದ ದೇಶದ ಪಾಸ್‌ಪೋರ್ಟ್ ಸಿಕ್ತು.

ಇನ್ನು ನನ್ನ ಗೆಳೆಯನ ಪ್ರಶ್ನೆ. ಫೋಟೋನ ಜೂಮ್ ಮಾಡಿ ನೋಡು ಅಂದೆ. ಮೂಗು ಇದ್ದಿಲಿನಷ್ಟು ಕಪ್ಪು. "ಆಲ್ಬಿನೋ ಅಲ್ಲ ಕಣೋ. ಬಣ್ಣದ ಚಿಂತೆ ಬಿಡು, ಅಪ್ಪ ಅಮ್ಮನ ಸೊಂಟದ ಕೀಲಿನ ಎಕ್ಸ್‌ರೇ ಇದ್ಯಾ ಕೇಳು. ಶೆಪರ್ಡ್‌ಗಳಿಗೆ ನಿಜವಾದ ತೊಂದ್ರೆ ಇರೋದು ಅಲ್ಲಿ. ಕಿವಿ ಅನುಮಾನ ಇದ್ರೆ ವೆಟ್ ಹತ್ರ ತೋರ್ಸು" ಅಂದೆ.

ಮರಿ ಈಗ ಅವನ ಮನೇಲಿದೆ. ನಿನ್ನೆ ಕಾಲ್ ಮಾಡಿದ್ದಾಗ, ಅಡುಗೆಮನೇಲಿ ಬಿಸ್ಕತ್ ಪ್ಯಾಕೆಟ್ ಬಿಚ್ಚಿದ ಸದ್ದಿಗೆ ಹಾಲ್‌ನಿಂದ ಓಡಿ ಬರ್ತಿತ್ತು.

ಮುಂದಿನ ವಾರ ಸಿಗೋಣ.